ಮಗುಚಿದ ಪುಟ

ಷಿಕಾಗೋ ನಗರದ ಪಶ್ಚಿಮಕ್ಕಿರುವ ಒಂದು ಉಪನಗರದಲ್ಲಿ, 2024ನೆಯ ಇಸವಿಯ ಆಗಸ್ಟ್ 23ರ ಸಂಜೆ, ಮನೆಯ ಹಿತ್ತಲ ಕಡೆಯ ಜಗಲಿಯಲ್ಲಿ ಕಾಫಿಯ ಲೋಟಗಳನ್ನು ಮುಂದಿಟ್ಟುಕೊಂಡು ಇಬ್ಬರು ಮಾತಿಗೆ ಕುಳಿತಿದ್ದರು. ಒಬ್ಬರು, 1967ರಲ್ಲಿ ಎಂಜಿನಿಯರಿಂಗ್ ವ್ಯಾಸಂಗಕ್ಕೆಂದು ಹಾಸನದ ಕಡೆಯ ಹಳ್ಳಿಯಿಂದ ಹೊರಟುಬಂದು, ಇಲ್ಲಿಯೇ ಉದ್ಯೋಗ ಮಾಡಿ, ಇಲ್ಲಿಯೇ ಮುಪ್ಪನ್ನು ಕಂಡ ಹಿರಿಯರು. ಇನ್ನೊಬ್ಬನು ಅವರ ತಮ್ಮನ ಮಗ, ಅದೇ ವರ್ಷ ಪೌರತ್ವದ ಪ್ರಮಾಣವಚನವನ್ನು ಸ್ವೀಕರಿಸಿ, ಬರುವ ನವೆಂಬರಿನಲ್ಲಿ ಈ ದೇಶದ ಅಧ್ಯಕ್ಷಸ್ಥಾನಕ್ಕೆ ಮೊದಲ ಬಾರಿ ಮತ ನೀಡಲಿದ್ದವನು. ಹಿಂದಿನ ರಾತ್ರಿ ಅದೇ ನಗರದ ಯುನೈಟೆಡ್ ಸೆಂಟರಿನಲ್ಲಿ ಡೆಮೊಕ್ರಾಟಿಕ್ ಪಕ್ಷದ ಮಹಾಧಿವೇಶನವು ಕಮಲಾ ಹ್ಯಾರಿಸರ ಸ್ವೀಕಾರ ಭಾಷಣದೊಡನೆ ಮುಕ್ತಾಯವಾಗಿತ್ತು. ಐದು ವಾರಗಳ ಮುಂಚೆ, ಜುಲೈ 18ರಂದು, ಇಲ್ಲಿಗೆ ಎರಡು ಗಂಟೆಯ ದಾರಿಯಲ್ಲಿರುವ ಮಿಲ್ವಾಕಿಯಲ್ಲಿ ಡೊನಾಲ್ಡ್ ಟ್ರಂಪರು ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾಗಿ ಮಾತನಾಡಿದ್ದರು.

ಕಿರಿಯವನು — ದೊಡ್ಡಪ್ಪ, ನಿನ್ನೆ ರಾತ್ರಿಯಿಂದ ಈ ಹೊತ್ತಿನವರೆಗೆ ಮೂರು ಚಾನೆಲುಗಳನ್ನು ನೋಡಿದೆ, ನಾಲ್ಕು ಪತ್ರಿಕೆಗಳನ್ನು ತಿರುವಿದೆ, ಫೋನಿನಲ್ಲಿ ಬಂದ ತುಣುಕುಗಳಿಗಂತೂ ಲೆಕ್ಕವಿಲ್ಲ. ಒಂದು ಕಡೆ ಅದು ಚರಿತ್ರೆಯಲ್ಲಿ ನಿಲ್ಲತಕ್ಕ ಭಾಷಣ, ಇನ್ನೊಂದು ಕಡೆ ಅದು ಅಸತ್ಯಗಳ ಸರಮಾಲೆ. ಮಿಲ್ವಾಕಿಯ ಭಾಷಣದ ಮರುದಿನವೂ ಹೀಗೆಯೇ ಆಗಿತ್ತು. ಹೊಗಳುವವರೂ ತೆಗಳುವವರೂ ಅದಲುಬದಲಾಗಿದ್ದರು, ಅಷ್ಟೆ. ಈ ವೃತ್ತಿಯಲ್ಲಿ ನಿಷ್ಪಕ್ಷಪಾತಿಯಾದವನು ಒಬ್ಬನೂ ಉಳಿದಿಲ್ಲವೆಂದು ನನಗೆ ಖಚಿತವಾಗಿದೆ.

ಹಿರಿಯರು — ಇಷ್ಟನ್ನೂ ನೋಡಿದೆ, ಸರಿ. ಭಾಷಣವನ್ನು ಕೇಳಿದೆಯೇನಪ್ಪ?

ಕಿರಿಯವನು — ಕೇಳಿದೆ. ಎಂದರೆ, ಮುಖ್ಯವಾದ ಭಾಗಗಳನ್ನೆಲ್ಲ ಕೇಳಿದೆ.

ಹಿರಿಯರು — ಮುಖ್ಯವಾದ ಭಾಗ ಯಾವುದೆಂದು ನಿನಗೆ ಗೊತ್ತಾದದ್ದು ಹೇಗೆ?

ಕಿರಿಯವನು — ಅದನ್ನೂ ಅವರೇ ತೋರಿಸಿದರು, ದೊಡ್ಡಪ್ಪ. ಒಪ್ಪಿದೆ.

ಹಿರಿಯರು — ನಿನ್ನನ್ನು ಮಾತಿನಲ್ಲಿ ಸಿಕ್ಕಿಸಬೇಕೆಂದು ಕೇಳಿದ್ದಲ್ಲ ಕಣೋ. ಈ ಪ್ರಶ್ನೆ ನನಗೆ ಏಳು ವರ್ಷದವನಾಗಿದ್ದಾಗಿನಿಂದ ಗಂಟುಬಿದ್ದಿದೆ. ಭಾರತದ ಮೊದಲನೆಯ ಮಹಾಚುನಾವಣೆ ನಡೆದ 1952ರಲ್ಲಿ ನಮ್ಮ ಹಳ್ಳಿಗೆ ಒಂದೇ ಒಂದು ಪತ್ರಿಕೆ ಬರುತ್ತಿತ್ತು, ಅದೂ ಒಂದು ದಿನ ತಡವಾಗಿ, ಬಸ್ಸಿನಲ್ಲಿ. ಸಂಜೆಯಾದರೆ ಅರಳಿಕಟ್ಟೆಯ ಮೇಲೆ ಶಾಲೆಯ ಮೇಷ್ಟ್ರು ಕುಳಿತು ಅದನ್ನು ಗಟ್ಟಿಯಾಗಿ ಓದುವರು, ಅಕ್ಷರ ಬಾರದ ಇಪ್ಪತ್ತು ಮೂವತ್ತು ಮಂದಿ ರೈತರು ಕಂಬಳಿ ಹೊದ್ದು ಸುತ್ತ ಕುಳಿತು ಕೇಳುವರು. ಮೇಷ್ಟ್ರು ಸತ್ಯವಂತರು, ಅಚ್ಚಾಗದ ಒಂದು ಮಾತನ್ನೂ ತಾವಾಗಿ ಸೇರಿಸಿ ಓದಿದವರಲ್ಲ. ಆದರೆ ತಮಗೆ ಹಿಡಿಸದ ಪಕ್ಷದ ನಾಯಕನ ಭಾಷಣ ಬಂದರೆ ಬೆರಳನ್ನು ನಾಲಗೆಗೆ ತಾಗಿಸಿ ಮೆಲ್ಲಗೆ ಆ ಪುಟವನ್ನು ಮಗುಚಿಬಿಡುವರು. ಅವರ ಮಗ್ಗುಲಲ್ಲಿಯೇ ಕುಳಿತು ಅಕ್ಷರಗಳನ್ನು ಆಗತಾನೆ ಕೂಡಿಸಿ ಓದಲು ಕಲಿಯುತ್ತಿದ್ದ ನನ್ನ ಕಣ್ಣಿಗೆ ಆ ಮಗುಚಿದ ಪುಟದ ಶಿರೋನಾಮೆ ಬಿದ್ದಿತ್ತು. ಆ ಮೂವತ್ತು ಮಂದಿಗೆ ಆ ಮನುಷ್ಯ ಮಾತನಾಡಿಯೇ ಇರಲಿಲ್ಲ. ಸುಳ್ಳು ಹೇಳದೆಯೂ ಪಕ್ಷಪಾತವನ್ನು ಮಾಡಬಹುದೆಂಬುದನ್ನು ನಾನು ಆ ಕಟ್ಟೆಯ ಮೇಲೆ ಕಲಿತೆ.

ಕಿರಿಯವನು — ಅಲ್ಲಿ ಇದ್ದದ್ದು ಒಬ್ಬರೇ ಮೇಷ್ಟ್ರು, ಒಂದೇ ಪತ್ರಿಕೆ. ಇಲ್ಲಿ ನೂರಾರು ಇವೆ. ಬೇಕೆಂದವರು ಬೇಕಾದ ಪುಟವನ್ನು ಹುಡುಕಿಕೊಳ್ಳಬಹುದು. ಆದರೂ ಹೀಗೇಕೆ? ಎರಡು ಪಕ್ಷಕ್ಕೂ ನ್ಯಾಯವಾದ ಅವಕಾಶವನ್ನು ಕೊಡತಕ್ಕದ್ದೆಂದು ಈ ದೇಶದಲ್ಲಿ ಒಂದು ನಿಯಮವೇ ಇತ್ತೆಂದು ಕೇಳಿದ್ದೇನೆ.

ಹಿರಿಯರು — ಇತ್ತು. 1949ರಲ್ಲಿ ಬಂದದ್ದು, 1987ರಲ್ಲಿ ತೆಗೆದುಹಾಕಿದರು. ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು, ಅವುಗಳನ್ನು ಬಳಸಲು ಪರವಾನಗಿ ಪಡೆದ ಆಕಾಶವಾಣಿ ಮತ್ತು ಟೆಲಿವಿಷನ್ ಕೇಂದ್ರಗಳು ವಿವಾದಾಸ್ಪದ ವಿಷಯಗಳಲ್ಲಿ ಭಿನ್ನಾಭಿಪ್ರಾಯಗಳಿಗೂ ಎಡೆಗೊಡಬೇಕು ಎಂಬುದು ಅದರ ತಾತ್ಪರ್ಯ. ತಂತಿಯ ಮೂಲಕ ಬರುವ ಕೇಬಲ್ ಚಾನೆಲುಗಳಿಗೆ ಅಂಥ ನಿಯಮ ಅನ್ವಯಿಸುವುದೇ ಕಷ್ಟವಾಗಿತ್ತು. ಅಚ್ಚಿನ ಪತ್ರಿಕೆಗಳಿಗಂತೂ ಅದು ಯಾವತ್ತೂ ಇರಲಿಲ್ಲ. ಆದರೆ ಆ ನಿಯಮವಿದ್ದ ಕಾಲದಲ್ಲಿ ಜನ ಪತ್ರಿಕೆಯವರನ್ನು ನಂಬಿದ್ದರೆಂದು ಭಾವಿಸಬೇಡ. 1964ರ ಜುಲೈ ತಿಂಗಳಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಕೌ ಪ್ಯಾಲೆಸ್ ಸಭಾಂಗಣದಲ್ಲಿ ನಡೆದ ರಿಪಬ್ಲಿಕನ್ ಅಧಿವೇಶನದಲ್ಲಿ, ಮಾಜಿ ಅಧ್ಯಕ್ಷ ಐಸನ್‌ಹೋವರರು ತಮ್ಮ ಭಾಷಣದ ನಡುವೆ, ರಿಪಬ್ಲಿಕನ್ ಪಕ್ಷದ ಹಿತವನ್ನು ಬಯಸದ ಕೆಲವು ಅಂಕಣಕಾರರು, ವ್ಯಾಖ್ಯಾನಕಾರರು ಇದ್ದಾರೆಂದು ಒಂದು ವಾಕ್ಯ ಹೇಳಿದ್ದೇ ತಡ, ಪ್ರತಿನಿಧಿಗಳು ಎದ್ದುನಿಂತು ವರದಿಗಾರರ ಗಾಜಿನ ಕೋಣೆಗಳತ್ತ ಮುಷ್ಟಿಯನ್ನೆತ್ತಿ ಕೂಗಿದರು. ಸದಾ ಶಾಂತವಾಗಿ ಮಾತನಾಡುವ ಆ ದಂಡನಾಯಕರಿಗೇ ಅದು ವಿಸ್ಮಯವಾಯಿತಂತೆ.

ಕಿರಿಯವನು — ಹಾಗಾದರೆ ಇದು ಹಳೆಯ ರೋಗ.

ಹಿರಿಯರು — ಹಳೆಯದೇ. ನಾನು ಈ ಊರಿಗೆ ಬಂದ ಮರುವರ್ಷವೇ ಅದನ್ನು ಕಣ್ಣಾರೆ ಕಂಡೆ. 1968ರ ಆಗಸ್ಟ್ 28, ಬುಧವಾರ ರಾತ್ರಿ. ಡೆಮೊಕ್ರಾಟಿಕ್ ಪಕ್ಷದ ಅಧಿವೇಶನ ಆಗಲೂ ಇದೇ ಷಿಕಾಗೋದಲ್ಲಿ, ಕಸಾಯಿಖಾನೆಗಳ ಬಳಿಯಿದ್ದ ಆಂಫಿಥಿಯೇಟರಿನಲ್ಲಿ ನಡೆಯುತ್ತಿತ್ತು. ನಾನು ದಕ್ಷಿಣ ಭಾಗದಲ್ಲಿ ಒಬ್ಬ ವಿಧವೆಯ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೆ. ಆಕೆಯ ಮುಂಗೋಣೆಯಲ್ಲಿ ಒಂದು ಕಪ್ಪುಬಿಳುಪಿನ ಟೆಲಿವಿಷನ್ ಇತ್ತು. ಆಕೆ, ನಾನು, ಇನ್ನೊಬ್ಬ ಬಾಡಿಗೆದಾರ ವಿದ್ಯಾರ್ಥಿ — ಅವನ ಅಣ್ಣ ವಿಯಟ್ನಾಮಿನ ಯುದ್ಧದಲ್ಲಿದ್ದ — ಮೂವರೂ ನೋಡುತ್ತಿದ್ದೆವು. ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿಯವರ ಹೆಸರನ್ನು ಅನುಮೋದಿಸಲು ಕ್ಲೀವ್‌ಲೆಂಡ್ ನಗರದ ಮೇಯರ್ ಕಾರ್ಲ್ ಸ್ಟೋಕ್ಸ್ ವೇದಿಕೆಗೆ ಬಂದಿದ್ದರು. ಅಮೆರಿಕದ ಒಂದು ಮಹಾನಗರಕ್ಕೆ ಚುನಾಯಿತನಾದ ಮೊದಲನೆಯ ಕರಿಯ ಮೇಯರ್ ಅವರು. ಅವರ ಮಾತು ನಡೆಯುತ್ತಿದ್ದಂತೆಯೇ ತೆರೆಯಿಂದ ಅವರು ಮಾಯವಾದರು. ಆ ಜಾಗದಲ್ಲಿ ಮಿಷಿಗನ್ ಅವೆನ್ಯೂ, ಹಿಲ್ಟನ್ ಹೋಟೆಲಿನ ಮುಂದೆ ಲಾಠಿಗಳು ಏಳುತ್ತಿವೆ, ಬೀಳುತ್ತಿವೆ. ಯುದ್ಧವನ್ನು ವಿರೋಧಿಸಿ ಬಂದಿದ್ದ ಹುಡುಗ ಹುಡುಗಿಯರನ್ನು ತಲೆಗೂದಲು ಹಿಡಿದು ಪೊಲೀಸ್ ವ್ಯಾನಿನೊಳಕ್ಕೆ ಎಳೆದುಹಾಕುತ್ತಿದ್ದಾರೆ. ಇಡೀ ಜಗತ್ತು ನೋಡುತ್ತಿದೆಯೆಂದು ಗುಂಪು ಕೂಗುತ್ತಿದೆ. ನಮ್ಮ ಮನೆಯಾಕೆ ಎದ್ದುಹೋಗಿ ಧ್ವನಿಯ ಗುಂಡಿಯನ್ನು ತಿರುಗಿಸಿಬಿಟ್ಟಳು. ಚಿತ್ರವನ್ನು ಆರಿಸಲಿಲ್ಲ. ಹತ್ತು ನಿಮಿಷ ನಾವು ಮೂವರೂ ಮೂಕವಾದ ಆ ಹೊಡೆತವನ್ನು ನೋಡುತ್ತ ಕುಳಿತೆವು. ಗೋಡೆಯ ಗಡಿಯಾರದ ಸದ್ದು ಕೇಳುತ್ತಿತ್ತು.

ಕಿರಿಯವನು — ಆಕೆ ಏನಂದಳು?

ಹಿರಿಯರು — ಪೊಲೀಸರ ಮೇಲೆ ಆ ಹುಡುಗರು ಕಲ್ಲೆಸೆದದ್ದನ್ನು, ಹೊಲಸು ಮಾತಾಡಿದ್ದನ್ನು ಈ ಟೆಲಿವಿಷನ್ನಿನವರು ತೋರಿಸಲೇ ಇಲ್ಲ, ಇವರೆಲ್ಲ ಅವರ ಕಡೆಯವರು ಎಂದಳು. ಅದೇ ಕೋಣೆಯಲ್ಲಿ, ಅದೇ ಚಿತ್ರವನ್ನು ನೋಡಿದ್ದ ಆ ವಿದ್ಯಾರ್ಥಿ, ನಡೆದದ್ದರಲ್ಲಿ ಹತ್ತನೆಯ ಒಂದು ಪಾಲನ್ನೂ ತೋರಿಸದೆ ಇವರು ಷಿಕಾಗೋದ ಮೇಯರ್ ಡೇಲಿಯ ಮಾನವನ್ನು ಕಾಯುತ್ತಿದ್ದಾರೆ ಎಂದ. ಇಬ್ಬರೂ ಬೈದದ್ದು ಒಂದೇ ಸಂಸ್ಥೆಯನ್ನು. ನಾನು ಈ ದೇಶಕ್ಕೆ ಹೊಸಬ, ಯಾರ ಕಡೆಯವನೂ ಅಲ್ಲ; ಸುಮ್ಮನೆ ಮಹಡಿಯನ್ನೇರಿ ಮಲಗಿಕೊಂಡೆ. ಬಹಳ ವರ್ಷಗಳಾದ ಮೇಲೆ, 1985ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೂವರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಪರಿಶೋಧನೆಯನ್ನು ಓದಿದಾಗ ಆ ರಾತ್ರಿ ನೆನಪಾಯಿತು. 1982ರ ಬೇರೂತಿನ ಹತ್ಯಾಕಾಂಡವನ್ನು ಕುರಿತ ಟೆಲಿವಿಷನ್ ವರದಿಗಳನ್ನು ಅವರು ಇಸ್ರೇಲಿನ ಪರವಾದ ವಿದ್ಯಾರ್ಥಿಗಳಿಗೂ ಅರಬರ ಪರವಾದ ವಿದ್ಯಾರ್ಥಿಗಳಿಗೂ ತೋರಿಸಿದರು. ವರದಿ ಒಂದೇ, ಅದು ತಮಗೆ ವಿರುದ್ಧವಾಗಿ ಪಕ್ಷಪಾತ ಮಾಡಿದೆಯೆಂದು ಎರಡು ಗುಂಪೂ ದೃಢವಾಗಿ ನಂಬಿದವು.

ಕಿರಿಯವನು — ಎಂದರೆ ಪಕ್ಷಪಾತವೆಂಬುದು ನೋಡುವವನ ಕಣ್ಣಿನ ದೋಷವೇ ಹೊರತು ಪತ್ರಿಕೆಯವರದು ನಿರ್ದೋಷವೆಂದು ತಾತ್ಪರ್ಯವೋ? ಹಾಗಾದರೆ ನಿಮ್ಮ ಮೇಷ್ಟ್ರು ಮಗುಚಿದ ಪುಟ? ಅದನ್ನು ಯಾವ ಕಣ್ಣಿನ ದೋಷವೆನ್ನೋಣ?

ಹಿರಿಯರು — ಒಳ್ಳೆಯ ಹಿಡಿತ ಹಿಡಿದೆ. ನಿರ್ದೋಷವೆಂದು ನಾನು ಹೇಳಲಾರೆ. ಆ ರಾತ್ರಿಯನ್ನೇ ತೆಗೆದುಕೋ. ಊರಿನಲ್ಲಿ ವಿದ್ಯುತ್ ಕೆಲಸಗಾರರ ಮುಷ್ಕರ ನಡೆದಿದ್ದುದರಿಂದ ಬೀದಿಯಿಂದ ನೇರ ಪ್ರಸಾರಕ್ಕೆ ತಂತಿಗಳೇ ಇರಲಿಲ್ಲ. ಹೊಡೆದಾಟವನ್ನು ಫಿಲ್ಮು, ಟೇಪುಗಳಲ್ಲಿ ಹಿಡಿದು, ಕೊಂಡೊಯ್ದು, ಸಿದ್ಧಗೊಳಿಸಿ ತೋರಿಸುವಷ್ಟರಲ್ಲಿ ಒಂದು ಗಂಟೆಯ ಮೇಲಾಗಿತ್ತು. ಸಂಜೆ ಎಂಟರ ಸುಮಾರಿನಲ್ಲಿ ಬೀದಿಯಲ್ಲಿ ಆದದ್ದು, ಒಳಗೆ ಅಭ್ಯರ್ಥಿಯ ಹೆಸರನ್ನು ಸೂಚಿಸುವ ಭಾಷಣಗಳ ಮೇಲೆಯೇ ಬಂದು ಬಿತ್ತು. ನೋಡುತ್ತಿದ್ದ ನಮಗೆ, ಹಂಫ್ರಿಯವರ ಹೆಸರನ್ನು ಅತ್ತ ಕೂಗುತ್ತಿದ್ದಂತೆಯೇ ಇತ್ತ ತಲೆಗಳು ಒಡೆಯುತ್ತಿವೆ ಎಂದು ತೋರಿತು. ಯಾರೂ ಸುಳ್ಳು ಹೇಳಿರಲಿಲ್ಲ. ಆದರೆ ಎರಡು ಸತ್ಯಗಳ ಜೋಡಣೆಯಲ್ಲಿ ಮೂರನೆಯದೊಂದು ಅರ್ಥ ಹುಟ್ಟಿತು. ಹಾಗೆಂದು ಬೀದಿಯನ್ನು ತೋರಿಸಲೇಬಾರದಿತ್ತೆಂದು ಹೇಳುವವನಲ್ಲ ನಾನು. ಜನರ ಅಭಿಪ್ರಾಯ ಸಂಗ್ರಹಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಪೊಲೀಸರನ್ನು ಸಮರ್ಥಿಸಿದರು, ಟೆಲಿವಿಷನ್ ಸಂಸ್ಥೆಗಳಿಗೆ ಬೈಗುಳದ ಪತ್ರಗಳು ರಾಶಿಬಿದ್ದವು. ಆದರೆ ಡಿಸೆಂಬರಿನಲ್ಲಿ ಹೊರಬಿದ್ದ ವಾಕರ್ ವರದಿ, ಸಾವಿರಾರು ಸಾಕ್ಷಿಗಳ ಹೇಳಿಕೆಗಳನ್ನು ಪರಿಶೀಲಿಸಿ, ಅದನ್ನು ಪೊಲೀಸರ ದೊಂಬಿಯೆಂದೇ ಕರೆಯಿತು. ವರದಿಗಾರರು ತೋರಿಸಿದ್ದು ನಿಜ, ಜನ ನಂಬದಿದ್ದದ್ದೂ ನಿಜ. ನನ್ನ ನಿರ್ಣಯ ಇಷ್ಟು: ಈ ಚಿತ್ರ ಒಂದು ಗಂಟೆಯ ಹಿಂದಿನದೆಂದು ಪದೇ ಪದೇ ಹೇಳಬೇಕಾಗಿತ್ತು, ಮತ್ತು ಸ್ಟೋಕ್ಸರ ಮಾತನ್ನು ಆಮೇಲಾದರೂ ಮೊದಲಿಂದ ಕೊನೆಯವರೆಗೆ ಕೇಳಿಸಬೇಕಾಗಿತ್ತು. ಆ ರಾತ್ರಿ ಅವರು ಏನು ಹೇಳಿದರೆಂಬುದನ್ನು ನಾನು ಇಂದಿಗೂ ಕೇಳಿಲ್ಲ.

ಕಿರಿಯವನು — ಅದು ಅವಸರದಲ್ಲಿ ಆದ ದೋಷ. ಬೇಕೆಂದೇ ಕ್ಯಾಮೆರಾವನ್ನು ತಿರುಗಿಸುವವರಿಲ್ಲವೆ? ನಾನು ಕೇಳುತ್ತಿರುವುದು ಅದನ್ನು.

ಹಿರಿಯರು — ಇದ್ದಾರೆ. ಅದರ ಅತ್ಯುತ್ತಮ ದೃಷ್ಟಾಂತವೇನಾದರೂ ಬೇಕಾದರೆ, ನಿನ್ನೆಯ ತಾರೀಖಿಗೆ ಸರಿಯಾಗಿ ಅರವತ್ತು ವರ್ಷ ಹಿಂದಕ್ಕೆ ಹೋಗು. 1964ರ ಆಗಸ್ಟ್ 22. ಅಟ್ಲಾಂಟಿಕ್ ಸಿಟಿಯಲ್ಲಿ ಡೆಮೊಕ್ರಾಟಿಕ್ ಪಕ್ಷದ ಅಧಿವೇಶನ ಆರಂಭವಾಗುವುದಕ್ಕೆ ಎರಡು ದಿನ ಮುಂಚೆ, ಪ್ರತಿನಿಧಿಗಳ ಅರ್ಹತೆಯನ್ನು ವಿಚಾರಿಸುವ ಸಮಿತಿಯ ಎದುರಿಗೆ ಮಿಸಿಸಿಪಿಯ ಒಬ್ಬ ಹೆಣ್ಣುಮಗಳು ಬಂದು ಕುಳಿತಳು. ಫ್ಯಾನಿ ಲೂ ಹೇಮರ್. ಇಪ್ಪತ್ತು ಮಂದಿ ಮಕ್ಕಳಲ್ಲಿ ಕಟ್ಟಕಡೆಯವಳು, ಆರನೆಯ ವರ್ಷದಿಂದ ಹತ್ತಿ ಬಿಡಿಸಿದವಳು. ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಲು ಹೋದ ತಪ್ಪಿಗೆ ಹದಿನೆಂಟು ವರ್ಷ ದುಡಿದ ತೋಟದಿಂದ ಧಣಿ ಅವಳನ್ನು ಅದೇ ದಿನ ಹೊರಗೆ ಹಾಕಿದ್ದ. ಮರುವರ್ಷ ವಿನೋನಾ ಎಂಬ ಊರಿನ ಸೆರೆಮನೆಯಲ್ಲಿ ಪೊಲೀಸರು, ಇಬ್ಬರು ಕರಿಯ ಕೈದಿಗಳ ಕೈಯಿಂದಲೇ ಅವಳನ್ನು ಚರ್ಮದ ಕೋಲಿನಿಂದ ಹೊಡೆಸಿದರು. ಆ ಪೆಟ್ಟಿನಿಂದ ಅವಳ ಮೂತ್ರಪಿಂಡಕ್ಕೆ ಆದ ಅಪಾಯ ಸಾಯುವವರೆಗೂ ವಾಸಿಯಾಗಲಿಲ್ಲ. ಮಿಸಿಸಿಪಿಯಿಂದ ಬಿಳಿಯರನ್ನೇ ಆರಿಸಿ ಕಳುಹಿಸಿದ್ದ ಪ್ರತಿನಿಧಿಮಂಡಲಿಗೆ ಬದಲಾಗಿ, ಕರಿಯರನ್ನೂ ಒಳಗೊಂಡ ತಮ್ಮ ಮಂಡಲಿಗೆ ಸ್ಥಾನ ಕೊಡಿರೆಂದು ಕೇಳಲು ಅವಳು ಬಂದಿದ್ದಳು. ಕಾಗದವಿಲ್ಲ, ಟಿಪ್ಪಣಿಯಿಲ್ಲ, ನಡೆದದ್ದನ್ನು ನಡೆದಂತೆ ಹೇಳಲಾರಂಭಿಸಿದಳು. ಟೆಲಿವಿಷನ್ ಅದನ್ನು ನೇರವಾಗಿ ತೋರಿಸುತ್ತಿತ್ತು.

ಕಿರಿಯವನು — ಅಧ್ಯಕ್ಷ ಜಾನ್ಸನ್ನರಿಗೆ ಅದು ಇಷ್ಟವಾಗಲಿಲ್ಲ.

ಹಿರಿಯರು — ಇಷ್ಟವಾಗದಿರಲು ಕಾರಣವಿತ್ತು. ದಕ್ಷಿಣದ ರಾಜ್ಯಗಳು ಕೈಬಿಟ್ಟುಹೋಗುವ ಭಯ ಅವರದು. ಒಡನೆಯೇ ಶ್ವೇತಭವನದಲ್ಲಿ ಪತ್ರಕರ್ತರ ಮುಂದೆ ಬಂದು ನಿಂತರು. ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯ ಹೆಸರನ್ನು ಹೇಳುವರೆಂದು ಎಣಿಸಿ ಟೆಲಿವಿಷನ್ನಿನವರು ಹೇಮರಳನ್ನು ಬಿಟ್ಟು ಅಲ್ಲಿಗೆ ತಿರುಗಿದರು. ಅಧ್ಯಕ್ಷರು ಹೇಳಿದ್ದು, ಕೆನೆಡಿಯವರ ಹತ್ಯೆಯಾಗಿ ಇಂದಿಗೆ ಒಂಬತ್ತು ತಿಂಗಳಾಯಿತು ಎಂಬ ಮಾತನ್ನು. ಮಾತು ಮುಗಿಯುವಷ್ಟರಲ್ಲಿ ಅವಳ ಸಾಕ್ಷ್ಯವೂ ಮುಗಿದಿತ್ತು. ದೇಶದ ಪರಮಾಧಿಕಾರ, ಒಬ್ಬ ಗೇಣಿದಾರಳ ಮಾತಿನ ಪುಟವನ್ನು ಮಗುಚಿದ ರೀತಿ ಅದು. ಆದರೆ ಕೇಳು: ಅದೇ ಟೆಲಿವಿಷನ್ನಿನವರು, ತಾವು ಬಿಟ್ಟುಬಂದದ್ದೇನೆಂಬುದನ್ನು ಅರಿತು, ಆ ಸಂಜೆ ಅವಳ ಮಾತನ್ನು ಮತ್ತೆ ಹಾಕಿದರು. ನಡುಮಧ್ಯಾಹ್ನದಲ್ಲಿ ನೋಡುತ್ತಿದ್ದವರೆಷ್ಟೋ, ಊಟ ಮುಗಿಸಿ ಕುಳಿತ ಸಂಜೆಯ ಹೊತ್ತಿನಲ್ಲಿ ಅದರ ಹಲವು ಪಟ್ಟು ಮಂದಿ ಅದನ್ನು ಕೇಳಿದರು. ಪತ್ರಿಕೆಯವರನ್ನೆಲ್ಲ ಒಂದೇ ಮಾತಿನಲ್ಲಿ ನೀನು ತಳ್ಳಿಹಾಕಿದೆಯಲ್ಲ, ಆಗ ನನಗೆ ನೆನಪಾದದ್ದು ಆ ಸಂಜೆ.

ಕಿರಿಯವನು — ಅವಳಿಗೆ ಸ್ಥಾನ ದೊರಕಿತೆ?

ಹಿರಿಯರು — ಆಗ ದೊರಕಲಿಲ್ಲ. ಇಡೀ ಮಂಡಲಿಗೆ ಎರಡೇ ಸ್ಥಾನ ಕೊಡುವೆವೆಂಬ ರಾಜಿಯನ್ನು ಮುಂದಿಟ್ಟರು. ಎರಡು ಸ್ಥಾನಕ್ಕಾಗಿ ಇಷ್ಟು ದೂರ ಬಂದವರಲ್ಲ ನಾವೆಂದು ಅವರು ನಿರಾಕರಿಸಿದರು. ಆ ರಾಜಿಯನ್ನು ಹೊತ್ತು ತಿರುಗಿದವರು ಹಂಫ್ರಿ. ಇದೇ ಹಂಫ್ರಿ 1948ರ ಜುಲೈ 14ರಂದು, ಮಿನಿಯಾಪೊಲಿಸಿನ ಮೂವತ್ತೇಳು ವರ್ಷದ ಮೇಯರಾಗಿ, ಫಿಲಡೆಲ್ಫಿಯಾದ ಅಧಿವೇಶನದಲ್ಲಿ, ರಾಜ್ಯಗಳ ಹಕ್ಕಿನ ಮರೆಯಲ್ಲಿ ಅಡಗಿದ್ದು ಸಾಕು, ಮನುಷ್ಯರ ಹಕ್ಕಿನ ಬೆಳಕಿಗೆ ಬನ್ನಿರೆಂದು ಪಕ್ಷವನ್ನು ಕರೆದಿದ್ದರು. ಮಿಸಿಸಿಪಿಯ ಪ್ರತಿನಿಧಿಗಳೆಲ್ಲರೂ, ಅಲಬಾಮದವರಲ್ಲಿ ಅರ್ಧ ಮಂದಿಯೂ ಅದರ ಫಲವಾಗಿ ಸಭೆಯಿಂದ ಎದ್ದುಹೋಗಿದ್ದರು. ಅಧಿವೇಶನದ ಭಾಷಣವೆಂದರೆ ಬರಿಯ ಉತ್ಸವವೆಂದು ಯಾರಾದರೂ ಹೇಳಿದರೆ ನನಗೆ ಆ ಚಿಕ್ಕ ಭಾಷಣವೇ ನೆನಪಿಗೆ ಬರುತ್ತದೆ. ಇನ್ನು ಹೇಮರ್: 1965ರ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾನೂನಿಗೆ ಜಾನ್ಸನ್ನರೇ ಸಹಿ ಹಾಕಿದರು; 1968ರಲ್ಲಿ, ನಾನು ಹೇಳಿದ ಆ ಷಿಕಾಗೋ ಅಧಿವೇಶನದಲ್ಲಿ, ಅವಳು ಪ್ರತಿನಿಧಿಯಾಗಿಯೇ ಒಳಗೆ ಬಂದಾಗ ಸಭೆ ಎದ್ದುನಿಂತು ಸ್ವಾಗತಿಸಿತು.

ಕಿರಿಯವನು — ಈ ವಾರ ಯುನೈಟೆಡ್ ಸೆಂಟರಿನ ಹೊರಗೆ ಕೆಲವು ಪ್ರತಿನಿಧಿಗಳು ರಾತ್ರಿಯೆಲ್ಲ ಕಲ್ಲುನೆಲದ ಮೇಲೆ ಕುಳಿತಿದ್ದರು, ನೋಡಿದಿರಾ? ಪ್ಯಾಲೆಸ್ತೀನ್ ಮೂಲದ ಅಮೆರಿಕನ್ ಒಬ್ಬರಿಗೆ ವೇದಿಕೆಯಲ್ಲಿ ಕೆಲವು ನಿಮಿಷ ಮಾತನಾಡಲು ಅವಕಾಶ ಕೊಡಿರೆಂದು ಕೇಳಿದರು; ಪಕ್ಷ ಕೊಡಲಿಲ್ಲ. ಇಲ್ಲಿ ಪುಟವನ್ನು ಮಗುಚಿದವರು ಪತ್ರಿಕೆಯವರಲ್ಲ.

ಹಿರಿಯರು — ಅಲ್ಲ, ಪಕ್ಷವೇ ಮಗುಚಿತು. ಹಾಗೆ ಮಗುಚಿದ ಸಂಗತಿಯನ್ನು ನಮಗೆ ತಿಳಿಸಿದವರು ಪತ್ರಿಕೆಯವರು. ಇದನ್ನು ನೀನಾಗಿಯೇ ಹೇಳಿದ್ದು ನನಗೆ ಸಂತೋಷ. ಅಧಿವೇಶನಗಳು ಟೆಲಿವಿಷನ್ನಿಗಾಗಿಯೇ ನಡೆಯಲು ತೊಡಗಿದ ಮೇಲೆ ಪಕ್ಷಗಳು ತಾವೇ ನಾಟಕದ ಸೂತ್ರಧಾರರಾದವು. 1972ರಲ್ಲಿ ಮಯಾಮಿ ಬೀಚಿನ ರಿಪಬ್ಲಿಕನ್ ಅಧಿವೇಶನದ ನಿಮಿಷ ನಿಮಿಷದ ಕಾರ್ಯಪತ್ರ, ತಾನಾಗಿಯೇ ಹೊಮ್ಮಬೇಕಾದ ಜಯಕಾರ ಯಾವ ಹೊತ್ತಿಗೆ ಹೊಮ್ಮತಕ್ಕದ್ದೆಂಬ ವಿವರದ ಸಮೇತ, ಬಿಬಿಸಿಯವರ ಕೈಗೆ ಸಿಕ್ಕಿಬಿಟ್ಟಿತು. ಅದೇ ಊರಿನಲ್ಲಿ, ಅದೇ ಬೇಸಗೆ, ಡೆಮೊಕ್ರಾಟರದು ಇದಕ್ಕೆ ವಿಪರೀತ: ಚರ್ಚೆ ಹೊತ್ತು ಮೀರಿ, ಅಭ್ಯರ್ಥಿ ಮೆಗವರ್ನ್ ತಮ್ಮ ಸ್ವೀಕಾರ ಭಾಷಣಕ್ಕೆ ನಿಂತಾಗ ಬೆಳಗಿನ ಜಾವ ಮೂರು ಗಂಟೆಯ ಸಮೀಪ. ದೇಶ ಮಲಗಿತ್ತು. ಈ ಸಲವೂ ಮೊದಲ ರಾತ್ರಿ ಅಧ್ಯಕ್ಷ ಬೈಡನ್ನರು ವೇದಿಕೆಗೆ ಬಂದಾಗ ನ್ಯೂಯಾರ್ಕಿನಲ್ಲಿ ರಾತ್ರಿ ಹನ್ನೊಂದೂವರೆ.

ಕಿರಿಯವನು — ಎಲ್ಲವೂ ಮೊದಲೇ ಬರೆದಿಟ್ಟ ನಾಟಕವಾದರೆ, ಅದನ್ನು ತೋರಿಸದೆ ಎದ್ದುಹೋಗುವ ಪತ್ರಕರ್ತನದೇ ಸರಿಯಲ್ಲವೆ? ಒಬ್ಬ ಹೆಸರಾಂತ ವಾರ್ತಾಪ್ರಸಾರಕರು ಹಾಗೆ ಮಾಡಿದ್ದರೆಂದು ಓದಿದ ನೆನಪು.

ಹಿರಿಯರು — ಟೆಡ್ ಕಾಪೆಲ್. 1996ರಲ್ಲಿ ಸ್ಯಾನ್ ಡಿಯಾಗೋದ ರಿಪಬ್ಲಿಕನ್ ಅಧಿವೇಶನದಿಂದ, ಇಲ್ಲಿ ವಾರ್ತೆಯೆಂಬುದೇ ಇಲ್ಲವೆಂದು ನಡುವೆಯೇ ಎದ್ದುಹೋದರು. ಅವರ ವ್ಯಥೆ ನನಗೆ ಅರ್ಥವಾಗುತ್ತದೆ. ಆದರೆ ವಾರ್ತೆಯಿಲ್ಲವೆಂದು ಮೊದಲೇ ನಿರ್ಧರಿಸುವುದರಲ್ಲಿ ಒಂದು ಅಪಾಯವಿದೆ. 2004ರಲ್ಲಿ ಮೂರು ದೊಡ್ಡ ಟೆಲಿವಿಷನ್ ಸಂಸ್ಥೆಗಳು, ಅಧಿವೇಶನಕ್ಕೆ ದಿನಕ್ಕೊಂದು ಗಂಟೆ, ಅದೂ ಮೂರೇ ರಾತ್ರಿ ಸಾಕೆಂದು ತೀರ್ಮಾನಿಸಿದವು. ಹಾಗೆ ಬಿಟ್ಟ ರಾತ್ರಿಯಲ್ಲಿ, ಜುಲೈ 27ರಂದು, ಬಾಸ್ಟನ್ನಿನಲ್ಲಿ ಇಲಿನಾಯ್ಸ್ ರಾಜ್ಯದ ಶಾಸನಸಭೆಯ ಒಬ್ಬ ಸೆನೆಟರು ಪ್ರಧಾನ ಭಾಷಣವನ್ನು ಮಾಡಿದರು. ಬರಾಕ್ ಒಬಾಮ ಎಂಬ ಅವರ ಹೆಸರು ಆವರೆಗೆ ಇಲಿನಾಯ್ಸಿನ ಆಚೆ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ನಾಲ್ಕು ವರ್ಷಗಳಲ್ಲಿ ಅಧ್ಯಕ್ಷರಾದವರ ಆ ಮಾತನ್ನು ಆ ಮೂರು ಸಂಸ್ಥೆಗಳು ನೇರವಾಗಿ ತೋರಿಸಲಿಲ್ಲ. ನಾನು ಸಾರ್ವಜನಿಕ ಟೆಲಿವಿಷನ್ನಿನಲ್ಲಿ ನೋಡಿದೆ. ಇದರಲ್ಲಿ ಯಾವ ಪಕ್ಷದ ಮೇಲಿನ ದ್ವೇಷವೂ ಇರಲಿಲ್ಲ. ಜಾಹೀರಾತಿನ ಆದಾಯ ತರುವ ಕಾರ್ಯಕ್ರಮಕ್ಕೆ ಆ ಗಂಟೆ ಬೇಕಾಗಿತ್ತು. ಜನ ಎಡ ಬಲ ಎಂದು ಪಕ್ಷಪಾತವನ್ನು ಹುಡುಕುತ್ತಾರೆ. ಹೊತ್ತಿನ ಲೆಕ್ಕವನ್ನು ಯಾರೂ ನೋಡುವುದಿಲ್ಲ. 1968ರಲ್ಲಿ ಸಂಜೆಯ ವಾರ್ತೆಯಲ್ಲಿ ಅಭ್ಯರ್ಥಿಯೊಬ್ಬನ ಸ್ವಂತ ಮಾತು ತಡೆಯಿಲ್ಲದೆ ಕೇಳಿಸುತ್ತಿದ್ದದ್ದು ಸರಾಸರಿ ನಲವತ್ತು ಸೆಕೆಂಡಿಗಿಂತ ಹೆಚ್ಚು. 1988ರಲ್ಲಿ ಅದು ಹತ್ತು ಸೆಕೆಂಡಿಗಿಂತ ಕಡಿಮೆಯಾಗಿತ್ತೆಂದು ವಿದ್ವಾಂಸರು ಅಳೆದು ತೋರಿಸಿದ್ದಾರೆ. ಹತ್ತು ಸೆಕೆಂಡಿನಲ್ಲಿ ಮನುಷ್ಯ ಘೋಷಣೆಯನ್ನು ಕೂಗಬಲ್ಲ, ಕಾರಣವನ್ನು ಹೇಳಲಾರ.

ಕಿರಿಯವನು — ನನ್ನ ಫೋನಿನಲ್ಲಿ ಅದಕ್ಕೆ ಸಾಕ್ಷಿಯಿದೆ, ನೋಡಿ. ಹ್ಯಾರಿಸರ ಭಾಷಣದಲ್ಲಿ ಗಾಜಾ ಕುರಿತ ಭಾಗ. ಕಚೇರಿಯ ಗೆಳೆಯನೊಬ್ಬ ಕಳುಹಿಸಿದ ತುಣುಕಿನಲ್ಲಿ, ಇಸ್ರೇಲಿಗೆ ಆತ್ಮರಕ್ಷಣೆಯ ಹಕ್ಕಿದೆ, ಅದಕ್ಕೆ ಬೇಕಾದ ಬಲವನ್ನು ಯಾವಾಗಲೂ ಒದಗಿಸುತ್ತೇನೆ ಎಂಬಲ್ಲಿಗೆ ಮುಗಿಯುತ್ತದೆ. ಇನ್ನೊಬ್ಬ ಕಳುಹಿಸಿದ್ದು ಅಲ್ಲಿಂದ ಮುಂದೆ, ಗಾಜಾದ ಜನರ ಸಂಕಟ, ಅವರ ಸ್ವಾತಂತ್ರ್ಯ, ಸ್ವಯಂನಿರ್ಣಯ ಎಂಬಲ್ಲಿ ಆರಂಭವಾಗುತ್ತದೆ. ಇಬ್ಬರೂ ತಮ್ಮ ತಮ್ಮ ಕೋಪಕ್ಕೆ ಇದನ್ನೇ ಪ್ರಮಾಣವೆಂದು ಕಳುಹಿಸಿದ್ದಾರೆ.

ಹಿರಿಯರು — ಎರಡನ್ನೂ ಒಂದಾದ ಮೇಲೊಂದರಂತೆ ಹಾಕು, ಕೇಳೋಣ. ... ನೋಡಿದೆಯಾ, ನಡುವೆ ಆಕೆ ಉಸಿರು ತೆಗೆದುಕೊಳ್ಳುವ ಕ್ಷಣ ಮಾತ್ರ ಕಾಣೆ. ಆ ಒಂದು ಉಸಿರಿನಲ್ಲಿ ಕತ್ತರಿಸಿದ್ದಾರೆ. ಒಪ್ಪುವುದೂ ಬಿಡುವುದೂ ಆಮೇಲಿನ ಮಾತು. ಎರಡನ್ನೂ ಕೂಡಿಸಿ ಹೇಳಿದ ಆಕೆಯನ್ನು ಎರಡಾಗಿ ಸೀಳಿ ಹಂಚಿಕೊಂಡರೆ ಒಪ್ಪಲಿಕ್ಕೆ ಉಳಿಯುವುದಾದರೂ ಏನು? ಮಿಲ್ವಾಕಿಯ ಭಾಷಣಕ್ಕೂ ಇದೇ ಗತಿ. ಐದು ದಿನ ಮುಂಚೆ ಪೆನ್ಸಿಲ್ವೇನಿಯಾದ ಬಟ್ಲರಿನಲ್ಲಿ ತಮ್ಮ ಮೇಲೆ ನಡೆದ ಗುಂಡಿನ ದಾಳಿಯನ್ನು ಟ್ರಂಪರು ಮೆಲ್ಲನೆಯ ಧ್ವನಿಯಲ್ಲಿ ವಿವರಿಸಿದ್ದು ಮೊದಲಿಗೆ. ಆಮೇಲೆ ಬರೆದುತಂದ ಪಾಠವನ್ನು ಬದಿಗಿಟ್ಟು ಎಂದಿನ ಚುನಾವಣಾ ಸಭೆಯ ಧಾಟಿಯಲ್ಲಿ ಒಟ್ಟು ತೊಂಬತ್ತೆರಡು ನಿಮಿಷ ಮಾತನಾಡಿದರು. ಸ್ವೀಕಾರ ಭಾಷಣಗಳಲ್ಲಿ ಅಷ್ಟು ದೀರ್ಘವಾದದ್ದು ದಾಖಲೆಯಲ್ಲಿಲ್ಲ. ಮೊದಲ ಇಪ್ಪತ್ತು ನಿಮಿಷ ಕೇಳಿ ಮಲಗಿದವನೂ, ಕೊನೆಯ ಇಪ್ಪತ್ತು ನಿಮಿಷ ಮಾತ್ರ ಕೇಳಿದವನೂ ಮರುದಿನ ಎದುರುಬದುರು ಕುಳಿತರೆ ಅವರಿಗೆ ಜಗಳವಾಗದೆ ಇನ್ನೇನಾದೀತು?

ಕಿರಿಯವನು — ದುಡಿದು ಬಂದವನು ತೊಂಬತ್ತೆರಡು ನಿಮಿಷ ಕೂರುವುದು ಎಲ್ಲಿಂದ, ದೊಡ್ಡಪ್ಪ? ಭಾಷಣ ಮುಗಿದ ಕೂಡಲೇ ಬಲ್ಲವರು ನಾಲ್ಕು ಮಂದಿ ಕುಳಿತು ಅದರ ಸಾರವನ್ನು ಹೇಳಿದರೆ ಉಪಕಾರವೇ ಆಗುತ್ತದೆ. ಸುಳ್ಳು ಲೆಕ್ಕ ಹೇಳಿದ್ದರೆ ಅದನ್ನೂ ಅವರೇ ಹಿಡಿಯಬೇಕು; ನನಗೆ ಅದು ಸಾಧ್ಯವಿಲ್ಲ.

ಹಿರಿಯರು — ಲೆಕ್ಕವನ್ನು ಪರೀಕ್ಷಿಸುವವನು ಬೇಕೇ ಬೇಕು. ಅವನಿಲ್ಲದ ಪ್ರಜಾಪ್ರಭುತ್ವ ಕುರುಡು. ನಾನು ಆಕ್ಷೇಪಿಸುವುದು ಆ ‘ಕೂಡಲೇ’ ಎಂಬುದನ್ನು. 1969ರ ನವೆಂಬರಿನಲ್ಲಿ ಉಪಾಧ್ಯಕ್ಷ ಆಗ್ನ್ಯೂ ಡಿ ಮಾಯ್ನ್ ನಗರದಲ್ಲಿ ಇದೇ ಆಕ್ಷೇಪವನ್ನು ಎತ್ತಿದರು: ವಿಯಟ್ನಾಮನ್ನು ಕುರಿತು ಅಧ್ಯಕ್ಷ ನಿಕ್ಸನ್ನರು ದೇಶವನ್ನುದ್ದೇಶಿಸಿ ಮಾತನಾಡಿ ಮುಗಿಸಿದ ಕ್ಷಣವೇ ವ್ಯಾಖ್ಯಾನಕಾರರು ತಮ್ಮ ತೀರ್ಪು ಕೊಟ್ಟುಬಿಟ್ಟರೆಂದು. ಅವರ ಉದ್ದೇಶ ವರದಿಗಾರರನ್ನು ಬೆದರಿಸುವುದಾಗಿತ್ತು, ಅದನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ; ನಾಲ್ಕು ವರ್ಷಗಳಲ್ಲಿ ತೆರಿಗೆಯ ವಂಚನೆಯ ಪ್ರಕರಣದಲ್ಲಿ ಅವರೇ ಪದವಿಯನ್ನು ಬಿಡಬೇಕಾಯಿತು. ಆದರೆ ಬೆದರಿಸುವವನ ಬಾಯಲ್ಲಿಯೂ ಒಂದು ನಿಜ ಇರಬಹುದು. ಕೇಳಿದವನ ಕಿವಿಯಲ್ಲಿ ಮಾತು ಇನ್ನೂ ಇಳಿದಿರುವುದಿಲ್ಲ, ಅಷ್ಟರಲ್ಲಿ ಅದು ಗೆದ್ದಿತೋ ಸೋತಿತೋ ಎಂಬ ಮಾತು ಆರಂಭವಾಗಿರುತ್ತದೆ. ಏನು ಹೇಳಿದರೆಂಬ ಪ್ರಶ್ನೆಗೆ ಮುಂಚೆಯೇ ಹೇಗೆ ಹೇಳಿದರೆಂಬ ಪ್ರಶ್ನೆ.

ಕಿರಿಯವನು — ಹಾಗಾದರೆ ನೀವು ಮಾಡುವುದೇನು?

ಹಿರಿಯರು — ಒಳಗೆ ಬೀರುವಿನ ಕೆಳಗೆ ಒಂದು ತಗಡಿನ ಟ್ರಂಕು ಇದೆ, ನಾನು ಊರಿನಿಂದ ಹೊತ್ತುತಂದದ್ದು. ಎಳೆದುಕೊಂಡು ಬಾ. ... ಇವು ನೋಡು, ಆಗ ದೊಡ್ಡ ಪತ್ರಿಕೆಗಳು ಭಾಷಣದ ಪೂರ್ಣಪಾಠವನ್ನೇ ಅಚ್ಚುಮಾಡುತ್ತಿದ್ದವು. ಇದು 1976ರ ಡೆಮೊಕ್ರಾಟಿಕ್ ಅಧಿವೇಶನದಲ್ಲಿ ಬಾರ್ಬರಾ ಜಾರ್ಡನ್ನರು ಮಾಡಿದ್ದು. ಈಚಿನವುಗಳನ್ನು ಮುದ್ರಿಸಿಕೊಂಡು ಇಟ್ಟಿದ್ದೇನೆ. ಸೀಸದ ಕಡ್ಡಿಯಿಂದ ಎರಡೇ ಗುರುತು ಹಾಕುತ್ತೇನೆ: ನಾಳೆ ಪರೀಕ್ಷಿಸಬಹುದಾದ ಮಾತಿಗೆ ಒಂದು ಗೆರೆ, ಎದುರಾಳಿಯನ್ನು ಹೀಗಳೆಯುವ ಮಾತಿಗೆ ಒಂದು ಸುತ್ತು. ಸುತ್ತುಗಳೇ ತುಂಬಿ ಗೆರೆಗಳಿಲ್ಲದ ಪುಟಗಳು ಎರಡು ಪಕ್ಷದಲ್ಲಿಯೂ ಇವೆ. ಇಷ್ಟಾದ ಮೇಲೆ ವ್ಯಾಖ್ಯಾನವನ್ನು ಓದುತ್ತೇನೆ. ನನಗೆ ವಿರುದ್ಧವಾದ ವ್ಯಾಖ್ಯಾನವನ್ನು ಮೊದಲು. ಹಾಗೆ ಓದಿದಾಗ, ಅನ್ಯಾಯವಾಗಿ ಬರೆದವನು ಯಾರು, ನನ್ನ ಕಣ್ಣಿಗೆ ಬೀಳದ್ದನ್ನು ನ್ಯಾಯವಾಗಿಯೇ ಎತ್ತಿ ತೋರಿಸಿದವನು ಯಾರೆಂಬುದು ತಿಳಿಯುತ್ತದೆ. ಅಂಥವರು ಇದ್ದಾರೆ, ಕಣಪ್ಪ. ಒಬ್ಬನೂ ಇಲ್ಲವೆಂದೆಯಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೋ.

ಕಿರಿಯವನು — ತೆಗೆದುಕೊಂಡೆ. ಆದರೆ ನನ್ನದೊಂದು ಸಂದೇಹ ಹಾಗೆಯೇ ಇದೆ. ಓದುಗನು ಇಷ್ಟು ಶ್ರಮಪಡಬೇಕೆಂದು ಹೇಳಿಬಿಟ್ಟರೆ, ಕತ್ತರಿಸಿ ಹಂಚುವವನ ಅಪರಾಧ ಹಗುರವಾಗುವುದಿಲ್ಲವೆ?

ಹಿರಿಯರು — ಆಗಕೂಡದು. ಪೂರ್ಣಪಾಠವನ್ನು ಜನರ ಮುಂದಿಡದೆ ತುಣುಕನ್ನು ಮಾತ್ರ ತೋರಿಸುವುದು, ಅದು ಯಾವ ಪಕ್ಷದ ಪರವಾಗಿಯೇ ಇರಲಿ, ಕಳ್ಳತೂಕವೇ ಸರಿ. ಆದರೆ ತಕ್ಕಡಿ ಹಿಡಿದವನನ್ನು ಶಿಕ್ಷಿಸುವ ಅಧಿಕಾರ ನನಗಾಗಲಿ ನಿನಗಾಗಲಿ ಇಲ್ಲ. ಅಂಥ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟರೆ ಏನಾಗುತ್ತದೆಂಬುದಕ್ಕೆ 1964ರ ಆಗಸ್ಟ್ 22 ಸಾಕು. ಮನೆಗೆ ತಂದ ಸಾಮಾನನ್ನು ಇನ್ನೊಮ್ಮೆ ತೂಗಿ ನೋಡುವುದೊಂದು ನಮ್ಮ ಕೈಯಲ್ಲಿದೆ.

ಕಿರಿಯವನು ಎದ್ದು ಒಳಗೆ ಹೋಗಿ ಎರಡು ಭಾಷಣಗಳ ಪೂರ್ಣಪಾಠವನ್ನೂ ಮುದ್ರಿಸಿ ತಂದನು. ಹಿರಿಯರು ಮಿಲ್ವಾಕಿಯದನ್ನು ಅವನ ಕೈಗೆ ಕೊಟ್ಟು ಷಿಕಾಗೋದನ್ನು ತಾವಿಟ್ಟುಕೊಂಡರು, ಮುಗಿದ ಮೇಲೆ ಬದಲಾಯಿಸಿಕೊಳ್ಳುವುದೆಂದು ಮಾತಾಯಿತು. ಜಗಲಿಯ ದೀಪವನ್ನು ಹಾಕಿದರು. ನವೆಂಬರ್ 5ರ ಮತದಾನಕ್ಕೆ ಇನ್ನು ಎಪ್ಪತ್ತನಾಲ್ಕು ದಿನಗಳಿದ್ದವು.